ದೊಡ್ಡರೋಗದ ವೈರಾಣುವೂ ಅದರ ಲಿಪಿಕಾರನೂ



ಬೇಗೂರಿನ ಸುತ್ತ ಇಂದು ಬಹುಮಹಡಿ ಕಟ್ಟಡಗಳಿರುವ ಕಡೆ ಹಿಂದೆ ಎತ್ತುಗಳು ಉಳುತ್ತಿದ್ದವು. ಆ ಕಾಲದ ರೈತರನ್ನು ನಡುಗಿಸುತ್ತಿದ್ದ ಹೆಸರು ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್. ಜ್ವರ, ಬಾಯಿಹುಣ್ಣು, ಭೇದಿಗಳಿಂದ ರಾಸುಗಳು ಕೆಲವೇ ದಿನಗಳಲ್ಲಿ ಸಾಯುತ್ತಿದ್ದವು. ಎತ್ತು ಸತ್ತರೆ ಬೇಸಾಯವೇ ನಿಂತಂತೆ. ಈ ಪಿಡುಗಿಗೆ ಮದ್ದು ತಯಾರಿಸಲೆಂದೇ 1925ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಮ್ ಸಂಸ್ಥೆ ಆರಂಭವಾಯಿತು. ಮುಂದೆ ಕೀನ್ಯಾದಲ್ಲಿ ವಾಲ್ಟರ್ ಪ್ಲೋರೈಟ್ ರೂಪಿಸಿದ ಲಸಿಕೆ ಜಗತ್ತಿಗೆ ವರವಾಯಿತು. ಭಾರತದಲ್ಲಿ 1995ರ ನಂತರ ರೋಗ ಕಾಣಿಸಲಿಲ್ಲ. 2011ರಲ್ಲಿ ಅದು ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು.

ಈ ವೈರಾಣು ಕೋಶದೊಳಗೆ ಬೆಳೆಯುತ್ತಿದ್ದ ಬಗೆ ಸ್ವಾರಸ್ಯಕರವಾದುದು. ನಮ್ಮ ಜೀವಕೋಶದಲ್ಲಿ ಡಿಎನ್‌ಎ ಮೂಲಗ್ರಂಥ. ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ ಅದನ್ನು ನೋಡಿ ನಕಲು ಬರೆಯುವ ಲಿಪಿಕಾರ. ದೊಡ್ಡರೋಗದ ವೈರಾಣುವಿಗೆ ಆರ್‌ಎನ್‌ಎಯೇ ಮೂಲಗ್ರಂಥ. ಕೋಶದ ಲಿಪಿಕಾರನಿಗೆ ಅದನ್ನು ಓದಲು ಬಾರದು. ಆದ್ದರಿಂದ ವೈರಾಣು ತನ್ನ ಲಿಪಿಕಾರನನ್ನು ಜೊತೆಯಲ್ಲಿಯೇ ತರುತ್ತದೆ. ಹೀಗೆ ಪಾಲಿಮರೇಸನ್ನು ಒಡಲಲ್ಲಿ ಹೊತ್ತ ವೈರಾಣುಗಳಿವೆಯೆಂದು 1970ರಲ್ಲಿ ಡೇವಿಡ್ ಬಾಲ್ಟಿಮೋರ್ ಮತ್ತು ಸಂಗಡಿಗರು, ದನಗಳನ್ನೇ ಕಾಡುವ ಇನ್ನೊಂದು ವೈರಾಣುವಿನಲ್ಲಿ ತೋರಿಸಿದ್ದರು.

ದೊಡ್ಡರೋಗದ ವೈರಾಣುವಿನಲ್ಲಿ ಆರು ವಂಶವಾಹಿಗಳು ಸಾಲಾಗಿವೆ. ಲಿಪಿಕಾರ ಒಂದೇ ತುದಿಯಿಂದ ಆರಂಭಿಸಿ, ಪ್ರತಿಯೊಂದರ ಕೊನೆಯಲ್ಲೂ ನಿಂತು ಮುಂದುವರಿಯುತ್ತಾನೆ. ಕೆಲವೊಮ್ಮೆ ನಡುವೆಯೇ ಕಳಚಿಕೊಳ್ಳುತ್ತಾನೆ. ಹಾಗಾಗಿ ಮೊದಲ ವಂಶವಾಹಿಯ ನಕಲುಗಳು ಹೇರಳ, ಕೊನೆಯದರ ನಕಲುಗಳು ವಿರಳ. ವೈರಾಣುವಿನ ಆರ್‌ಎನ್‌ಎಯನ್ನು ಸುತ್ತಿ ಹೊದಿಸುವ ಪ್ರೋಟೀನಿನ ವಂಶವಾಹಿ ಮೊದಲಲ್ಲಿದೆ, ಲಿಪಿಕಾರನ ವಂಶವಾಹಿ ಕೊನೆಯಲ್ಲಿದೆ. ಯಾವುದು ಎಷ್ಟು ಬೇಕೋ ಅಷ್ಟೇ!

ಈ ಲಿಪಿಕಾರನನ್ನು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಂ.ಎಸ್. ಶೈಲಾ ಮತ್ತು ಅವರ ವಿದ್ಯಾರ್ಥಿಗಳು ಬಹುಕಾಲ ಅಧ್ಯಯನ ಮಾಡಿದರು. ಎಲ್ ಎಂಬ ದೊಡ್ಡ ಪ್ರೋಟೀನು ಮತ್ತು ಪಿ ಎಂಬ ಸಹಾಯಕ ಕೂಡಿದರೆ ಪ್ರನಾಳದಲ್ಲಿಯೂ ನಕಲು ಸಿದ್ಧವಾಗುತ್ತದೆಂದು 2008ರಲ್ಲಿ ಪ್ರಕಟಿಸಿದರು. ಕೋಶ ಒಪ್ಪಬೇಕಾದರೆ ನಕಲಿನ ತುದಿಗೆ ಮೊಹರಿನಂಥ ಒಂದು ರಚನೆ ಬೇಕು. ಅದನ್ನು ಒತ್ತುವ ಶಕ್ತಿಯೂ ಎಲ್ ಪ್ರೋಟೀನಿಗಿದೆಯೆಂದು 2009ರಲ್ಲಿ ತಿಳಿಸಿದರು.

ಹೋದ ರೋಗದ ಗುಟ್ಟು ಈಗೇಕೆ ಎನ್ನಬಹುದು. ದಡಾರದ ವೈರಾಣು ಇದರ ಅತಿ ಹತ್ತಿರದ ಬಂಧು. ಅದರ ಲಿಪಿಕಾರನೂ ಇದೇ ರೀತಿ ಬರೆಯುತ್ತಾನೆ. ಅದು ಇಂದಿಗೂ ಮಕ್ಕಳನ್ನು ಕೊಲ್ಲುತ್ತಿದೆ. ದನಗಳ ವಿಷಯದಲ್ಲಿ ಮನುಷ್ಯ ಸಾಧಿಸಿದ್ದನ್ನು ಮಕ್ಕಳ ವಿಷಯದಲ್ಲಿ ಇನ್ನೂ ಸಾಧಿಸಿಲ್ಲ. ನಿಮ್ಮ ಮನೆಯ ಮಕ್ಕಳಿಗೆ ದಡಾರದ ಎರಡೂ ಲಸಿಕೆಗಳು ಆಗಿವೆಯೇ ಎಂದು ದಯವಿಟ್ಟು ನೋಡಿಕೊಳ್ಳಿ.