ಬೀಗದ ಗುರುತು ಇದ್ದರೆ ಆ ಆನ್‌ಲೈನ್ ಅಂಗಡಿ ಅಸಲಿಯೇ?

ಹಬ್ಬದ ಸೇಲ್ ಹತ್ತಿರ ಬಂದಂತೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಫರ್ ಲಿಂಕುಗಳು ಹರಿದಾಡುತ್ತವೆ. ಜೊತೆಗೊಂದು ಸಲಹೆ: "ವಿಳಾಸದ ಪಕ್ಕ ಬೀಗದ ಗುರುತು ಇದ್ದರೆ ಸಾಕು, ಧೈರ್ಯವಾಗಿ ಹಣ ಕಟ್ಟಿ." ಇದು ಅರ್ಧ ಸತ್ಯ. ಹಣ ಕಳೆಯುವುದು ಉಳಿದರ್ಧದಲ್ಲಿ.

ಬೀಗ ಹೇಳುವುದೇನು?

ವಿಳಾಸ 'ಎಚ್‌ಟಿಟಿಪಿಎಸ್' ಎಂದು ಶುರುವಾದರೆ ನಮ್ಮ ಫೋನಿಗೂ ಆ ಜಾಲತಾಣಕ್ಕೂ ನಡುವೆ ಓಡಾಡುವ ಮಾಹಿತಿ ಗೂಢಲಿಪಿಯಲ್ಲಿರುತ್ತದೆ. ನಡುದಾರಿಯಲ್ಲಿ ಕದ್ದು ನೋಡುವವರಿಗೆ ಪಾಸ್‌ವರ್ಡ್, ಕಾರ್ಡ್ ಸಂಖ್ಯೆ ಓದಲಾಗದು. ಅಂಟಿಸಿದ ಲಕೋಟೆಯಲ್ಲಿ ಪತ್ರ ಕಳಿಸಿದ ಹಾಗೆ. ಆದರೆ ಪತ್ರ ತಲುಪಿದ ಮನೆಯವನು ಸಾಚಾನೋ ಕಳ್ಳನೋ ಎಂದು ಲಕೋಟೆ ಹೇಳುವುದಿಲ್ಲ.

ಬೀಗಕ್ಕೆ ಬೇಕಾದ ಪ್ರಮಾಣಪತ್ರ ಈಗ ಉಚಿತ. 'ಲೆಟ್ಸ್ ಎನ್‌ಕ್ರಿಪ್ಟ್' ಸಂಸ್ಥೆ 2015ರಿಂದ ಅದನ್ನು ಕೊಡುತ್ತಿದೆ. ಆ ವಿಳಾಸ ನಿಮ್ಮ ಹಿಡಿತದಲ್ಲಿದೆ ಎಂದು ತೋರಿಸಿದರೆ ಕೆಲವೇ ನಿಮಿಷಗಳಲ್ಲಿ ಸಿಗುತ್ತದೆ. ವ್ಯಾಪಾರ ನಿಜವೇ ಎಂದು ಯಾರೂ ಪರೀಕ್ಷಿಸುವುದಿಲ್ಲ. ಹಾಗಾಗಿ ನಕಲಿ ಅಂಗಡಿಗೂ ಬೀಗ ಸಿಗುತ್ತದೆ. ಜನ ಇದನ್ನು ತಪ್ಪಾಗಿ ಅರ್ಥಮಾಡಿಕೊಳ್ಳುತ್ತಾರೆಂದೇ ಗೂಗಲ್ ಕ್ರೋಮ್ 2023ರಲ್ಲಿ ಬೀಗದ ಚಿತ್ರವನ್ನು ಕೈಬಿಟ್ಟಿತು.

ಹಾಗಾದರೆ ಏನು ನೋಡಬೇಕು?

ವಿಳಾಸವನ್ನು ಹಿಂದಿನಿಂದ ಓದಬೇಕು. ಆರಂಭದ ಎರಡು ಓರೆಗೆರೆಗಳನ್ನು ಬಿಟ್ಟು, ನಂತರ ಬರುವ ಮೊದಲ ಓರೆಗೆರೆ ಹುಡುಕಿ. ಅದಕ್ಕಿಂತ ಸ್ವಲ್ಪ ಮೊದಲಿರುವುದೇ ಅಸಲಿ ಹೆಸರು. 'ದೊಡ್ಡಅಂಗಡಿ.ಹಬ್ಬಆಫರ್.ಕಾಮ್/ಸೀರೆ' ಎಂಬ ವಿಳಾಸವಿದೆ ಎಂದುಕೊಳ್ಳಿ. ಇದು 'ದೊಡ್ಡಅಂಗಡಿ'ಯದ್ದಲ್ಲ, 'ಹಬ್ಬಆಫರ್.ಕಾಮ್' ಎಂಬ ಹೆಸರನ್ನು ಕೊಂಡವರದ್ದು. ಅವರು ಅದರ ಮುಂದೆ ಯಾವ ಹೆಸರನ್ನಾದರೂ ಅಂಟಿಸಬಹುದು. ಕೊನೆಯಲ್ಲಿ 'ಕೋ.ಇನ್' ಇದ್ದರೆ ಅದರ ಹಿಂದಿನ ಪದ ನೋಡಿ.

ಇದಕ್ಕಿಂತ ಸುಲಭದ ದಾರಿ: ಫಾರ್ವರ್ಡ್ ಆಗಿ ಬಂದ ಲಿಂಕ್ ಒತ್ತದೆ, ಆ ಅಂಗಡಿಯ ಆ್ಯಪ್ ತೆರೆದು ಅದೇ ಆಫರ್ ಇದೆಯೇ ಎಂದು ನೋಡುವುದು.

ಹಣ ಕಟ್ಟುವಾಗ

- ಯುಪಿಐ ಪಿನ್ ಒತ್ತುವುದು ಹಣ ಕಳಿಸಲು. 'ರೀಫಂಡ್ ಪಡೆಯಲು ಪಿನ್ ಹಾಕಿ' ಎಂದರೆ ಅದು ಮೋಸ.
- ಒಟಿಪಿ ಬಂದಾಗ ಸಂದೇಶ ಪೂರ್ತಿ ಓದಿ. ಎಷ್ಟು ಹಣ, ಯಾರಿಗೆ ಎಂಬುದು ಹೆಚ್ಚಾಗಿ ಅಲ್ಲೇ ಇರುತ್ತದೆ. ಫೋನಿನಲ್ಲಿ ಕೇಳಿದವರಿಗೆ ಅದನ್ನು ಹೇಳಬೇಡಿ.
- ರಿಸರ್ವ್ ಬ್ಯಾಂಕ್ ನಿಯಮದಂತೆ 2022ರ ಅಕ್ಟೋಬರ್ 1ರಿಂದ ಅಂಗಡಿಗಳು ನಮ್ಮ ಕಾರ್ಡ್ ಸಂಖ್ಯೆಯನ್ನು ಉಳಿಸಿಕೊಳ್ಳುವಂತಿಲ್ಲ. ಬದಲಿಗೆ 'ಟೋಕನ್' ಇಟ್ಟುಕೊಳ್ಳುತ್ತವೆ. ಕಾರ್ಡಿನ ಫೋಟೋ ಕೇಳಿದರೆ ಕೊಡಬೇಡಿ.

ಹಣ ಹೋಗಿಬಿಟ್ಟರೆ?

ನಾಚಿಕೆಪಟ್ಟು ಸುಮ್ಮನಿದ್ದಷ್ಟೂ ನಷ್ಟ ಹೆಚ್ಚು. ವಂಚಕರು ಹಣವನ್ನು ಬೇಗಬೇಗ ಖಾತೆಯಿಂದ ಖಾತೆಗೆ ದಾಟಿಸುತ್ತಾರೆ. ಅದು ಇನ್ನೂ ಬ್ಯಾಂಕಿನೊಳಗೇ ಇದ್ದರೆ ತಡೆಹಿಡಿಯಲು ಸಾಧ್ಯ. ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ, ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ವ್ಯವಹಾರದ ಸಂಖ್ಯೆ, ಸ್ಕ್ರೀನ್‌ಶಾಟ್ ಅಳಿಸಬೇಡಿ. ಅಂಗಡಿ ಅಸಲಿಯೇ ಆಗಿದ್ದು, ಕೆಟ್ಟ ಸಾಮಾನು ಕಳಿಸಿ ಹಣ ಮರಳಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಒಟ್ಟಿನಲ್ಲಿ, ಬೀಗ ಇಲ್ಲದ ಕಡೆ ಹಣ ಕಟ್ಟಬೇಡಿ. ಬೀಗ ಇದೆ ಎಂಬ ಒಂದೇ ಕಾರಣಕ್ಕೂ ಕಟ್ಟಬೇಡಿ.