ಹಕ್ಕಿಗೆ ಹಾಕಿದ ಸುಂಕ

ಅಮೂರ್ತ ಶಿಲ್ಪ ಅಂದ ಕೂಡಲೇ "ಅದು ದೊಡ್ಡೋರ ಶೋಕಿ, ನಮಗ್ಯಾಕೆ" ಅನ್ನೋರು ನಮ್ಮಲ್ಲೇ ಇದ್ದಾರೆ. ಯಾಕೆ ಅಂತ ಹೇಳ್ತೀನಿ.

1926ರಲ್ಲಿ ಬ್ರಾಂಕುಸಿ ಎಂಬ ಶಿಲ್ಪಿಯ 'ಬರ್ಡ್ ಇನ್ ಸ್ಪೇಸ್' ಪ್ಯಾರಿಸ್‌ನಿಂದ ನ್ಯೂಯಾರ್ಕ್ ಬಂದರಿಗೆ ಬಂತು. ರೆಕ್ಕೆ ಇಲ್ಲ, ಪುಕ್ಕ ಇಲ್ಲ. ನಾಲ್ಕೂವರೆ ಅಡಿಯ ನುಣುಪು ಕಂಚು, ಅಷ್ಟೇ. ಅವನಿಗೆ ಬೇಕಿದ್ದದ್ದು ಹಕ್ಕಿಯ ಮೈಯಲ್ಲ, ಹಾರಾಟ. ಅಮೆರಿಕದಲ್ಲಿ ಕಲಾಕೃತಿಗೆ ಸುಂಕ ಇರಲಿಲ್ಲ. ಕಸ್ಟಮ್ಸ್‌ನವರು ಇದು ಕಲೆಯೇ ಅಲ್ಲ ಅಂತ ಅಡುಗೆ ಪಾತ್ರೆ, ಆಸ್ಪತ್ರೆ ಸಾಮಾನಿನ ಸಾಲಿಗೆ ಸೇರಿಸಿ ಶೇ. 40 ಸುಂಕ ಜಡಿದರು! (ನಾನೂ ಗುಮಾಸ್ತನೇ. ಕಾಲಂಗೆ ಕೂರದ್ದನ್ನು ಯಾವುದೋ ಒಂದು ಕಾಲಂಗೆ ತುರುಕೋ ಚಟ ನನಗೆ ಗೊತ್ತು.)

ಕೇಸು ನಡೀತು. ಶಿಲ್ಪ ಅಂದ್ರೆ ನಿಸರ್ಗದ ವಸ್ತುವಿನ, ಮುಖ್ಯವಾಗಿ ಮನುಷ್ಯನ ಆಕಾರದ ಅನುಕರಣೆ ಅಂತ 1916ರ ತೀರ್ಪೊಂದು ಅಡ್ಡ ಇತ್ತು. ಸರ್ಕಾರಿ ವಕೀಲರು ಕೇಳಿದ್ದು: ಒಳ್ಳೆ ಮೆಕ್ಯಾನಿಕ್ ಒಬ್ಬ ಇಂಥದ್ದನ್ನು ಮಾಡಲಾರನೇ? ಪಾಲಿಶ್ ಮಾಡಬಲ್ಲ, ಆದರೆ ಕಲ್ಪಿಸಿಕೊಳ್ಳಲಾರ ಎಂಬರ್ಥದ ಉತ್ತರ ಕೊಟ್ಟವನು ಶಿಲ್ಪಿ ಎಪ್‌ಸ್ಟೈನ್. ಬ್ರಾಂಕುಸಿ ಪರ ಸಾಕ್ಷಿ ಅವನು! ನೋಡಿ, ಹೊಸ ಕಲೆಯ ಪರ ನಿಂತವರ ತಲೆಯಲ್ಲೂ ದುಡಿಯುವ ಕೈಗೆ ಬುದ್ಧಿ ಇಲ್ಲ.

ಬ್ರಾಂಕುಸಿಯ ಬದುಕು ಬೇರೇನೇ ಹೇಳುತ್ತೆ. ರೊಮೇನಿಯಾದ ಹೊಬಿತ್ಸಾ ಹಳ್ಳಿಯ ರೈತರ ಮಗ, ಕುರಿ ಕಾದವನು, ಮರಗೆತ್ತನೆ ಕಲಿತವನು. 1907ರಲ್ಲಿ ರೋಡಿನ್ ಕಾರ್ಯಾಗಾರ ಸೇರಿದ. ಅಲ್ಲಿ ಯಜಮಾನ ಮಣ್ಣಲ್ಲಿ ಮಾಡಿದ ರೂಪವನ್ನು ಅಮೃತಶಿಲೆಯಲ್ಲಿ ಕಡೆಯೋರು ಕೂಲಿಯವರು. ಹೆಸರು ಮಾತ್ರ ಯಜಮಾನನದು. ಬೇಗನೆ ಹೊರಗೆ ಬಂದ, ತಾನೇ ಉಳಿ ಹಿಡಿದ. ಮಣ್ಣಿಗಾದರೆ ಕಣ್ಣು, ಮೂಗು, ಮಡಿಕೆ ಎಲ್ಲಾ ಮೆತ್ತಬಹುದು. ಕಲ್ಲಲ್ಲಿ ತೆಗೆದದ್ದು ತೆಗೆದದ್ದೇ. ತೆಗೀತಾ ತೆಗೀತಾ ಬೇಕಾದ್ದಷ್ಟೇ ಉಳಿಯಿತು. ಅಮೂರ್ತತೆ ಬರೀ ತಲೆಯಿಂದ ಇಳಿದದ್ದಲ್ಲ, ಕೈಯಿಂದಲೂ ಹುಟ್ಟಿದ್ದು. ಆ ಕಂಚಿನ ಹಕ್ಕಿಯನ್ನೂ ಎರಕದ ನಂತರ ಅರದಿಂದ ಉಜ್ಜಿ ನುಣುಪು ಮಾಡಿದ್ದು ಅವನೇ.

1928ರ ನವೆಂಬರ್‌ನಲ್ಲಿ ಗೆದ್ದ. ನಿಸರ್ಗವನ್ನು ಅನುಕರಿಸದೆ ಅಮೂರ್ತ ಕಲ್ಪನೆಗಳನ್ನು ರೂಪಿಸುವ ಹೊಸ ಪಂಥವೊಂದಿದೆ ಅಂತ ಕೋರ್ಟು ಒಪ್ಪಿತು.

ಹೊಸದು? ಅದೇ ಪ್ಯಾರಿಸ್ಸಿನ ಟ್ರೊಕಾಡೆರೊ ಮ್ಯೂಸಿಯಂನಲ್ಲಿ ಆಫ್ರಿಕಾದ ಮುಖವಾಡಗಳಿದ್ದವು. ಮುಖವನ್ನು ನಾಲ್ಕು ಸಮತಲಕ್ಕೆ, ಎರಡು ಸೀಳಿಗೆ ಇಳಿಸಿ ಕೆತ್ತಿದವು. 1907ರಲ್ಲಿ ಅವನ್ನು ನೋಡಿ ಪಿಕಾಸೊ ಬೆಚ್ಚಿಬಿದ್ದ. ಅಲ್ಲಿ ಅವು ಕಲೆಯಲ್ಲ, ಬುಡಕಟ್ಟಿನವರ ಸಾಮಾನು. ಬ್ರಾಂಕುಸಿ ಪರ ಸಾಕ್ಷಿ ಹೇಳೋಕೆ ಪತ್ರಿಕಾ ಸಂಪಾದಕರು, ಮ್ಯೂಸಿಯಂ ನಿರ್ದೇಶಕರು ಬಂದರು. ಆ ಮುಖವಾಡ ಕೆತ್ತಿದವರ ಹೆಸರನ್ನು, ಹೊತ್ತು ತಂದವರು ಬಹುಪಾಲು ಬರೆದುಕೊಳ್ಳಲೇ ಇಲ್ಲ.