ಬಾಯಿಮಾತಿನಿಂದ ಬರಹದ ಕರಾರಿಗೆ

ಹಳೆಯ ಕಾರ್ಖಾನೆಗಳ ಗೇಟು ದಾಟುತ್ತಿದ್ದಂತೆ ಪಕ್ಕದ ಗೋಡೆಯ ಮೇಲೆ ಒಂದು ಫಲಕ ಕಾಣುತ್ತದೆ. ಅದರ ಮೇಲೆ ಸಣ್ಣ ಅಕ್ಷರಗಳಲ್ಲಿ ಅಚ್ಚಾದ ನಿಯಮಗಳ ಹಾಳೆಗಳನ್ನು ಅಂಟಿಸಿರುತ್ತಾರೆ. ಪಾಳಿಗೆ ಹೊತ್ತಾಯಿತೆಂದು ಓಡುತ್ತ ಬರುವ ಕಾರ್ಮಿಕರಾಗಲಿ, ಕಾರಿನಿಂದ ಇಳಿಯುವ ವ್ಯವಸ್ಥಾಪಕರಾಗಲಿ ಅದರ ಮುಂದೆ ನಿಂತು ಓದುವುದು ಅಪರೂಪ. ಆದರೆ ಆ ಹಾಳೆಗಳು ಅಲ್ಲಿಗೆ ಬಂದು ಸೇರಲು ಬಹಳ ಕಾಲ ಹಿಡಿಯಿತು.

ಕಾರ್ಮಿಕರ ಮತ್ತು ಮಾಲೀಕರ ಹಕ್ಕುಬಾಧ್ಯತೆಗಳ ಚರ್ಚೆ ಬಂದಾಗಲೆಲ್ಲ ನಾವು ವೇತನ, ಬೋನಸ್ಸು, ಮುಷ್ಕರಗಳ ವಿಚಾರ ಮಾತನಾಡುತ್ತೇವೆ. ಇವೆಲ್ಲಕ್ಕೂ ಮೊದಲಿನ ಪ್ರಶ್ನೆಯೊಂದಿದೆ. ಕೆಲಸದ ನಿಯಮಗಳನ್ನು ಯಾರು ಬರೆಯಬೇಕು? ಬರೆದದ್ದು ಯಾರ ಕೈಯಲ್ಲಿರಬೇಕು? ನಮ್ಮ ದೇಶದ ಕಾರ್ಮಿಕ ಕಾನೂನಿನ ಇತಿಹಾಸವನ್ನು ಈ ಪ್ರಶ್ನೆಯನ್ನು ಹಿಡಿದು ನೋಡಿದರೆ ಅನೇಕ ಸಂಗತಿಗಳು ಸ್ಪಷ್ಟವಾಗುತ್ತವೆ.

ಮೊದಲ ಬರಹ ಕಾರ್ಮಿಕನ ವಿರುದ್ಧವೇ ಇತ್ತು. 1859ರಲ್ಲಿ ಬ್ರಿಟಿಷ್ ಆಡಳಿತ ಕೆಲಸಗಾರರ ಕರಾರು ಭಂಗದ ಕಾಯಿದೆಯನ್ನು ಜಾರಿಗೆ ತಂದಿತು. ಮುಂಗಡ ಹಣ ಪಡೆದ ಕುಶಲಕರ್ಮಿ ಅಥವಾ ಕೂಲಿಕಾರ ಒಪ್ಪಿದ ಕೆಲಸ ಪೂರೈಸದೆ ಹೋದರೆ ಮಾಲೀಕನು ಮ್ಯಾಜಿಸ್ಟ್ರೇಟರ ಬಳಿ ದೂರು ಕೊಡಬಹುದಾಗಿತ್ತು. ಹಣ ಹಿಂದಿರುಗಿಸು, ಇಲ್ಲವೇ ಕೆಲಸ ಮುಗಿಸು ಎಂಬ ಆದೇಶವಾಗುತ್ತಿತ್ತು. ಅದನ್ನು ಮೀರಿದರೆ ಮೂರು ತಿಂಗಳವರೆಗೆ ಸೆರೆಮನೆ. ಮಾತು ತಪ್ಪಿದ ಮಾಲೀಕನಿಗೆ ಮಾತ್ರ ಆ ಕಾಯಿದೆಯಲ್ಲಿ ಇಂಥ ಶಿಕ್ಷೆ ಇರಲಿಲ್ಲ. ಒಪ್ಪಂದ ಇಬ್ಬರದು, ಜೈಲು ಒಬ್ಬನಿಗೆ! ಈ ಕಾಯಿದೆ ರದ್ದಾಗಲು 1925ರವರೆಗೆ ಕಾಯಬೇಕಾಯಿತು.

ಈ ನಡುವೆ ಮುಂಬಯಿ, ಮದ್ರಾಸು, ಬೆಂಗಳೂರುಗಳಲ್ಲಿ ಬಟ್ಟೆ ಗಿರಣಿಗಳು ಎದ್ದವು. 1881ರ ಮೊದಲ ಕಾರ್ಖಾನೆ ಕಾಯಿದೆ ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದೆಂದಿತು. ವಯಸ್ಕರ ದುಡಿಮೆಯ ಅವಧಿಗೆ ಅದರಲ್ಲಿ ಮಿತಿಯೇ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಮುಂಬಯಿಯ ಗಿರಣಿ ಕೆಲಸಗಾರರನ್ನು ಸಭೆ ಸೇರಿಸಿ, ಸಾವಿರಾರು ಜನರ ಸಹಿ ಇದ್ದ ಮನವಿಯನ್ನು ಸಿದ್ಧಪಡಿಸಿದರು. ವಾರಕ್ಕೊಂದು ರಜೆ ಅದರ ಮುಖ್ಯ ಬೇಡಿಕೆಗಳಲ್ಲೊಂದು. 1890ರಲ್ಲಿ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಇಂದು ನಾವು ಸಹಜವೆಂದು ಭಾವಿಸುವ ಭಾನುವಾರ ಹೀಗೆ ಸಹಿ ಹಾಕಿ ಪಡೆದದ್ದು.

ಆದರೂ ಗಿರಣಿಯೊಳಗಿನ ದಿನನಿತ್ಯದ ನಿಯಮ ಬಾಯಿಮಾತಿನದೇ ಆಗಿತ್ತು. ಕೆಲಸ ಕೊಡುವವನು ಜಾಬರ್, ಬಿಡಿಸುವವನೂ ಅವನೇ. ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲಿ ಆ ಸ್ಥಾನ ಮೇಸ್ತ್ರಿಯದು. ಮುಂಗಡ ಕೊಟ್ಟು ಆಳುಗಳನ್ನು ಕರೆತರುವವನೂ, ಅವರ ಲೆಕ್ಕ ಇಡುವವನೂ ಆತನೇ. ಮುಂಬಯಿಯ ಕೆಲವು ಗಿರಣಿಗಳಲ್ಲಿ ಒಂದು ದಿನ ತಪ್ಪಿಸಿದವನಿಗೆ ಎರಡು ದಿನದ ಕೂಲಿ ಕತ್ತರಿಸುವ ಪದ್ಧತಿಯಿತ್ತು. ಯಾವ ತಪ್ಪಿಗೆ ಎಷ್ಟು ದಂಡವೆಂದು ಬಟವಾಡೆಯ ದಿನದವರೆಗೂ ಕೆಲಸಗಾರನಿಗೆ ತಿಳಿಯದೆ ಇರಬಹುದಾಗಿತ್ತು.

ಹಾಗಾದರೆ ಬರಹವೆಂಬುದು ತಾನಾಗಿಯೇ ನ್ಯಾಯವೇ? ಅಲ್ಲ. ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರು 1930ರಲ್ಲಿ ದೊಡ್ಡ ಮುಷ್ಕರ ಹೂಡಿದ್ದು ತಮ್ಮ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮವನ್ನು ವಿರೋಧಿಸಿ. ಅಲ್ಲಿಯೂ ಕಾಗದವಿತ್ತು, ದಾಖಲೆಯಿತ್ತು. ಆದರೆ ಅದು ಕಾರ್ಮಿಕನನ್ನು ಕುರಿತು ಬರೆದದ್ದು, ಕಾರ್ಮಿಕನಿಗಾಗಿ ಬರೆದದ್ದಲ್ಲ. ಕಳ್ಳನಿಂದ ಪಡೆಯುವ ಗುರುತನ್ನು ತಮ್ಮಿಂದ ಏಕೆ ಪಡೆಯಬೇಕು ಎಂಬ ನೋವು ಅಲ್ಲಿತ್ತು. ದಾಖಲೆ ಒಂದೇ ಕಡೆಗೆ ನೋಡಿದರೆ ಅದು ಕಾವಲು. ಎರಡೂ ಕಡೆಗೆ ನೋಡಿದರೆ ಮಾತ್ರ ಕರಾರು.

ಎರಡೂ ಕಡೆಗೆ ನೋಡುವ ಬರಹದತ್ತ ಒಂದು ಮುಖ್ಯ ಹೆಜ್ಜೆ 1936ರ ವೇತನ ಪಾವತಿ ಕಾಯಿದೆ. ಸಂಬಳವನ್ನು ನಿಗದಿತ ದಿನದೊಳಗೆ ಕೊಡಬೇಕು. ಯಾವ ಯಾವ ತಪ್ಪಿಗೆ ದಂಡವೆಂಬುದನ್ನು ಮೊದಲೇ ಪ್ರಕಟಿಸಿರಬೇಕು. ದಂಡದ ಮೊತ್ತ ಕೂಲಿಯಲ್ಲಿ ರೂಪಾಯಿಗೆ ಅರ್ಧಾಣೆಯನ್ನು, ಅಂದರೆ ಮೂವತ್ತೆರಡರಲ್ಲಿ ಒಂದು ಪಾಲನ್ನು, ಮೀರಬಾರದು. ವಸೂಲಾದ ದಂಡವನ್ನು ಪುಸ್ತಕದಲ್ಲಿ ಬರೆದಿಟ್ಟು ಕಾರ್ಮಿಕರ ಹಿತಕ್ಕಾಗಿಯೇ ಬಳಸಬೇಕು. ಅದೇ ಕಾಯಿದೆ ಕಾರ್ಮಿಕರ ಹೊಣೆಯನ್ನೂ ಮರೆಯಲಿಲ್ಲ. ಹತ್ತು ಮಂದಿ ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟುಗೂಡಿ, ಕರಾರಿನ ಪ್ರಕಾರ ಸೂಚನೆ ಕೊಡದೆ, ಸಕಾರಣವಿಲ್ಲದೆ ಗೈರುಹಾಜರಾದರೆ ಎಂಟು ದಿನಗಳವರೆಗಿನ ಕೂಲಿಯನ್ನು ಕಳೆಯಲು ಅವಕಾಶವಿತ್ತು.

1928ರಲ್ಲಿ ಮುಂಬಯಿಯ ಗಿರಣಿಗಳಲ್ಲಿ ತಿಂಗಳುಗಟ್ಟಲೆ ನಡೆದ ಮುಷ್ಕರದಲ್ಲಿ, ಮಾಲೀಕರು ಸಿದ್ಧಪಡಿಸಿದ ಕೆಲಸದ ನಿಯಮಾವಳಿಯೂ ಒಂದು ವಿವಾದವಾಗಿತ್ತು. ಫಾಸೆಟ್ ಸಮಿತಿ ಅದನ್ನು ಪರಿಶೀಲಿಸಿತು. 1938ರ ಮುಂಬಯಿ ಪ್ರಾಂತದ ಕಾಯಿದೆ ಇಂಥ ನಿಯಮಾವಳಿಗೆ ಕಾನೂನಿನ ಬಲ ಕೊಟ್ಟಿತು. 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಲಿಯಲ್ಲಿ ಕಾರ್ಮಿಕ ಖಾತೆಯನ್ನು ಡಾ. ಬಿ.ಆರ್. ಅಂಬೇಡ್ಕರ್ ವಹಿಸಿದ್ದರು. ಆ ಅವಧಿಯ ಕೊನೆಯಲ್ಲಿ, 1946ರಲ್ಲಿ, ಕೈಗಾರಿಕಾ ಉದ್ಯೋಗ ಸ್ಥಾಯೀ ಆದೇಶಗಳ ಕಾಯಿದೆ ಬಂದಿತು. ವಾರದ ದುಡಿಮೆಯನ್ನು 48 ಗಂಟೆಗಳಿಗೆ ಇಳಿಸಿದ ತಿದ್ದುಪಡಿಯೂ ಅದೇ ವರ್ಷದ್ದು.

ಸ್ಥಾಯೀ ಆದೇಶವೆಂದರೆ ಏನು? 1946ರ ಕಾಯಿದೆಯ ಪ್ರಕಾರ ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯ ಮಾಲೀಕ ತನ್ನ ನಿಯಮಗಳ ಕರಡನ್ನು ಸರ್ಕಾರದ ಅಧಿಕಾರಿಗೆ ಸಲ್ಲಿಸಬೇಕಾಗಿತ್ತು. ಕಾರ್ಮಿಕರ ಆಕ್ಷೇಪಣೆಗಳನ್ನು ಕೇಳಿದ ಮೇಲೆ ಅಧಿಕಾರಿ ಅದನ್ನು ಪ್ರಮಾಣೀಕರಿಸಬೇಕಾಗಿತ್ತು. ಖಾಯಂ ಕಾರ್ಮಿಕ ಯಾರು, ಬದಲಿ ಯಾರು, ಪಾಳಿ ಹೇಗೆ, ರಜೆ ಹೇಗೆ, ಸಂಬಳದ ದಿನ ಯಾವುದು, ದುರ್ನಡತೆ ಎಂದರೆ ಯಾವುದು, ಅನ್ಯಾಯವಾದಾಗ ಯಾರಲ್ಲಿ ಹೇಳಿಕೊಳ್ಳಬೇಕು ಎಂಬುದೆಲ್ಲ ಅದರಲ್ಲಿರಬೇಕಾಗಿತ್ತು. ಹೀಗೆ ಸಿದ್ಧವಾದ ನಿಯಮಗಳನ್ನು ಇಂಗ್ಲಿಷಿನಲ್ಲಿ ಮಾತ್ರವಲ್ಲ, ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿಯೂ, ಅವರು ಒಳಗೆ ಬರುವ ಬಾಗಿಲಿನ ಬಳಿ ಫಲಕದ ಮೇಲೆ ಹಾಕಬೇಕಾಗಿತ್ತು. ಮೇಲೆ ಹೇಳಿದ ಹಾಳೆಗಳ ಮೂಲ ಇದು.

ಆ ಕಾಯಿದೆಯ ಹನ್ನೆರಡನೆಯ ಕಲಮು ನನಗೆ ಬಹಳ ಮುಖ್ಯವೆನಿಸುತ್ತದೆ. ಪ್ರಮಾಣೀಕೃತ ಆದೇಶಕ್ಕೆ ವಿರುದ್ಧವಾದ, ಅಥವಾ ಅದಕ್ಕೆ ಹೊಸದನ್ನು ಸೇರಿಸುವ ಬಾಯಿಮಾತಿನ ಸಾಕ್ಷ್ಯವನ್ನು ಯಾವ ನ್ಯಾಯಾಲಯವೂ ಒಪ್ಪಬಾರದೆಂದು ಅದು ಹೇಳಿತು. ‘ನಮ್ಮಲ್ಲಿ ಹಾಗಿಲ್ಲ’ ಎಂದು ಮೇಲಧಿಕಾರಿ ಹೇಳಿದರೆ ನಡೆಯದು. ‘ಹಾಗೆಂದು ನನಗೆ ಒಪ್ಪಿದ್ದರು’ ಎಂದು ಕಾರ್ಮಿಕ ಹೇಳಿದರೂ ನಡೆಯದು. ಬರಹ ಇಬ್ಬರನ್ನೂ ಕಟ್ಟಿಹಾಕಿತು. ಕಳವು, ಲಂಚ, ಪದೇ ಪದೇ ತಡವಾಗಿ ಬರುವುದು, ರಜೆಯಿಲ್ಲದೆ ಗೈರಾಗುವುದು ಇವೆಲ್ಲ ಕಾರ್ಮಿಕನ ದುರ್ನಡತೆಗಳೆಂದು ಮಾದರಿ ಆದೇಶಗಳು ಎಣಿಸಿದವು. ಆದರೆ ಆರೋಪವನ್ನು ಬರೆದು ಕೊಡದೆ, ಉತ್ತರಿಸಲು ಅವಕಾಶ ನೀಡದೆ ವಜಾ ಮಾಡುವಂತಿಲ್ಲವೆಂದು ಮಾಲೀಕನಿಗೂ ಗೆರೆ ಎಳೆದವು.

ತಿಳಿಸುವ ಹೊಣೆ ಸಂಬಳ, ರಜೆಗಳಿಗೆ ಮಾತ್ರ ಸೀಮಿತವಲ್ಲ. 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದಲ್ಲಿ ಮೀಥೈಲ್ ಐಸೋಸಯನೇಟ್ ಅನಿಲ ಸೋರಿ ಸಾವಿರಾರು ಜನ ಸತ್ತರು. ಆ ವಸ್ತುವಿನ ಸ್ವಭಾವ ಸುತ್ತಲಿನ ಜನಕ್ಕೆ ತಿಳಿದಿರಲಿಲ್ಲ. ಆ ದುರಂತದ ನಂತರ, 1987ರಲ್ಲಿ, ಕಾರ್ಖಾನೆಗಳ ಕಾಯಿದೆಗೆ ತಿದ್ದುಪಡಿಯಾಯಿತು. ಅಪಾಯಕಾರಿ ವಸ್ತುಗಳ ವಿವರವನ್ನು ಕಾರ್ಮಿಕರಿಗೂ ನೆರೆಯವರಿಗೂ ತಿಳಿಸುವುದು ಮಾಲೀಕನ ಕರ್ತವ್ಯವಾಯಿತು. ತನ್ನ ಆರೋಗ್ಯ ಮತ್ತು ಸುರಕ್ಷತೆಯ ಬಗ್ಗೆ ಮಾಹಿತಿ ಕೇಳುವುದು ಕಾರ್ಮಿಕನ ಹಕ್ಕಾಯಿತು. ಸುರಕ್ಷತೆಯ ಸಾಧನಗಳನ್ನು ಕೆಡಿಸದಿರುವುದು, ದುರುಪಯೋಗ ಮಾಡದಿರುವುದು ಕಾರ್ಮಿಕನ ಹೊಣೆಯೆಂದು 1948ರ ಮೂಲ ಕಾಯಿದೆಯಲ್ಲಿಯೇ ಇತ್ತು.

ಕಾಗದವಿಲ್ಲದವನ ಪಾಡೇನು? ಇದಕ್ಕೆ ನಮ್ಮ ರಾಜ್ಯದ್ದೇ ಎರಡು ನಿದರ್ಶನಗಳಿವೆ. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನನ್ನು ನೋಟೀಸು ಮತ್ತು ಪರಿಹಾರ ಕೊಡದೆ ಕೆಲಸದಿಂದ ಬಿಡಿಸುವಂತಿಲ್ಲ ಎಂಬುದು 1947ರ ಕೈಗಾರಿಕಾ ವಿವಾದ ಕಾಯಿದೆಗೆ ಅನಂತರ ಸೇರಿದ ರಕ್ಷಣೆ. ಅರಣ್ಯ ಇಲಾಖೆಯ ದಿನಗೂಲಿಯೊಬ್ಬನ ಪ್ರಕರಣದಲ್ಲಿ, 2002ರಲ್ಲಿ, ಸುಪ್ರೀಂ ಕೋರ್ಟು ಆ 240 ದಿನಗಳನ್ನು ಸಾಬೀತುಪಡಿಸುವ ಹೊಣೆ ಕೆಲಸಗಾರನದೆಂದೂ ಅವನ ಪ್ರಮಾಣಪತ್ರವೊಂದೇ ಸಾಲದೆಂದೂ ಹೇಳಿತು. ಆತ ಸೋತ. ಮೂರು ವರ್ಷಗಳ ನಂತರ ಇನ್ನೊಬ್ಬ ದಿನಗೂಲಿಯ ಪ್ರಕರಣ ಬಂದಾಗ, ಆತನ ಬಳಿ ಹಿಂದಿನ ಅಧಿಕಾರಿಯೊಬ್ಬರು ಬರೆದುಕೊಟ್ಟ ಸೇವಾ ದೃಢೀಕರಣವಿತ್ತು. ದಿನಗೂಲಿಗಳಿಗೆ ನೇಮಕಾತಿ ಪತ್ರವಾಗಲಿ ಬಿಡುಗಡೆ ಪತ್ರವಾಗಲಿ ಸಿಗುವುದಿಲ್ಲವೆಂಬುದನ್ನೂ ನ್ಯಾಯಾಲಯ ಗಮನಿಸಿತು. ಆತ ಗೆದ್ದ. ಇಬ್ಬರದೂ ಬೆವರಿನ ದುಡಿಮೆಯೇ. ಒಬ್ಬನ ಕೈಯಲ್ಲಿ ಒಂದು ಹಾಳೆ ಇತ್ತು, ಇನ್ನೊಬ್ಬನ ಕೈಯಲ್ಲಿ ಇರಲಿಲ್ಲ.

ಇತ್ತೀಚಿನ ಬದಲಾವಣೆಗಳನ್ನೂ ಈ ದೃಷ್ಟಿಯಿಂದಲೇ ನೋಡಬೇಕು. ಕರ್ನಾಟಕ ಸರ್ಕಾರ 2014ರಲ್ಲಿ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಿಗೆ, ಕುಂದುಕೊರತೆ ಸಮಿತಿಯಂಥ ಕೆಲವು ಷರತ್ತುಗಳೊಡನೆ, ಸ್ಥಾಯೀ ಆದೇಶಗಳಿಂದ ಐದು ವರ್ಷಗಳ ವಿನಾಯಿತಿ ನೀಡಿತು. ಅದು ಮುಂದೆಯೂ ಮುಂದುವರಿಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಒಂದು ಕಡೆ ಸ್ಥಾಯೀ ಆದೇಶಗಳ ಮಿತಿಯನ್ನು ಮುನ್ನೂರು ಕಾರ್ಮಿಕರಿಗೆ ಏರಿಸಿವೆ. ಇನ್ನೊಂದು ಕಡೆ, ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಲ್ಲಿ ಪ್ರತಿಯೊಬ್ಬ ಉದ್ಯೋಗಿಗೂ ನೇಮಕಾತಿ ಪತ್ರ ಕೊಡುವುದನ್ನು ಕಡ್ಡಾಯಗೊಳಿಸಿವೆ. ಗೋಡೆಯ ಮೇಲಿನ ಸಾಮೂಹಿಕ ಬರಹದ ವ್ಯಾಪ್ತಿ ಕುಗ್ಗಿದೆ, ಒಬ್ಬೊಬ್ಬರ ಕೈಗೆ ಬರುವ ಬರಹ ಹೆಚ್ಚಿದೆ. ಇವೆರಡೂ ಒಂದೇ ಅಲ್ಲ. ಗೋಡೆಯ ನಿಯಮ ಪ್ರಮಾಣೀಕರಣವಾಗುವಾಗ ಕಾರ್ಮಿಕರೆಲ್ಲ ಸೇರಿ ಆಕ್ಷೇಪಣೆ ಹೇಳಬಹುದಿತ್ತು. ನೇಮಕಾತಿ ಪತ್ರದ ಮುಂದೆ ಕೆಲಸ ಬೇಕಾದವನು ಒಂಟಿಯಾಗಿ ನಿಂತಿರುತ್ತಾನೆ.

ಮೊಬೈಲು ಫೋನಿನ ಕರೆಗೆ ಓಗೊಟ್ಟು ಊಟ, ಸಾಮಾನು ತಲುಪಿಸುವ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕವು 2025ರಲ್ಲಿ ಪ್ರತ್ಯೇಕ ಕಾನೂನು ಮಾಡಿತು. ಕರಾರು ಸರಳವಾಗಿರಬೇಕು, ಕೆಲಸಗಾರನಿಗೆ ತಿಳಿದ ಭಾಷೆಯಲ್ಲಿರಬೇಕು, ಅದನ್ನು ಬದಲಾಯಿಸುವುದಾದರೆ 14 ದಿನ ಮೊದಲು ತಿಳಿಸಬೇಕು ಎಂದು ಅದು ಹೇಳುತ್ತದೆ. 1946ರ ಫಲಕದ ನೀತಿಯೇ ಇಲ್ಲಿ ಅಂಗೈಯ ಪರದೆಗೆ ಬಂದಿದೆ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಕೆಲಸಕ್ಕೆ ಸೇರುವವರು ಪತ್ರವನ್ನು ಕೇಳಿ ಪಡೆಯಿರಿ, ಸಹಿ ಹಾಕುವ ಮೊದಲು ಓದಿ, ಒಂದು ಪ್ರತಿಯನ್ನು ಜೋಪಾನವಾಗಿಡಿ. ಅದರಲ್ಲಿ ನಿಮ್ಮ ಹೊಣೆಗಳೂ ಇರುತ್ತವೆಂಬುದನ್ನು ಮರೆಯಬೇಡಿ. ನಾಲ್ಕು ಜನರಿಗೆ ಕೆಲಸ ಕೊಟ್ಟಿರುವವರು, ಕಾನೂನು ಕೇಳದಿದ್ದರೂ, ಕೂಲಿ ಎಷ್ಟು, ರಜೆ ಎಂದು, ಬಿಡಿಸುವುದಾದರೆ ಹೇಗೆ ಎಂಬ ನಾಲ್ಕು ಸಾಲನ್ನು ಕನ್ನಡದಲ್ಲಿ ಬರೆದುಕೊಡಿ. ನಾಳೆ ಜಗಳ ಬಂದರೆ ಆ ನಾಲ್ಕು ಸಾಲು ಇಬ್ಬರನ್ನೂ ಕಾಯುತ್ತವೆ.